ಗಾಳಿ ತಾಗದ ಫಿನ್ಸ್

2018ರ ನವೆಂಬರ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಐಕ್ಮಾ ಬೈಕ್ ಪ್ರದರ್ಶನಕ್ಕೆ ರಾಯಲ್ ಎನ್‌ಫೀಲ್ಡ್ ಒಂದು ಗಾಡಿ ತಂದು ನಿಲ್ಲಿಸಿತು. ಹೆಸರು ಕಾನ್ಸೆಪ್ಟ್ ಕೆಎಕ್ಸ್. ರಾಯಲ್ ಎನ್‌ಫೀಲ್ಡ್ ಹೆಸರಿನದೇ ಕಂಪನಿ 1930ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ರೆಡಿಚ್‌ನಲ್ಲಿ 1140 ಸಿಸಿಯ ಕೆಎಕ್ಸ್ ಎಂಬ ಭಾರಿ ಬೈಕ್ ತಯಾರಿಸುತ್ತಿತ್ತು. ಅದರ ನೆನಪಿಗೆ ಬ್ರಿಟನ್ನಿನ ಮತ್ತು ಭಾರತದ ವಿನ್ಯಾಸಕರು ಕೂಡಿ ಮಾಡಿದ ಗಾಡಿ ಇದು. 838 ಸಿಸಿಯ ವಿ-ಟ್ವಿನ್ ಇಂಜಿನ್, ಮುಂದೆ ಗರ್ಡರ್ ಫೋರ್ಕ್, ಕಡುಹಸಿರು ಬಣ್ಣ, ಗಾಳಿಯಲ್ಲಿ ತೇಲುತ್ತಿರುವಂತೆ ಒಂದೇ ಒಂದು ಸೀಟು. ಮಾರುವ ಉದ್ದೇಶವಿಲ್ಲ ಎಂದು ಕಂಪನಿಯೇ ಹೇಳಿತ್ತು. ಬೈಕ್ ಪ್ರಿಯರ ಫೋನುಗಳಿಂದ ಆ ಚಿತ್ರ ಮಾತ್ರ ಇನ್ನೂ ಅಳಿಸಿಹೋಗಿಲ್ಲ.

ಆ ಚಿತ್ರವನ್ನು ಮುಂದಿಟ್ಟುಕೊಂಡು ಇಲ್ಲಿ ಇಬ್ಬರು ಮಾತಾಡುತ್ತಾರೆ. ಒಬ್ಬರು ಮೈಸೂರಿನಲ್ಲಿ ಜಾವಾ, ಯೆಜ್ದಿ, ಬುಲೆಟ್ ರಿಪೇರಿ ಮಾಡಿಕೊಂಡೇ ಸಂಸಾರ ಸಾಗಿಸಿದ ಮೆಕ್ಯಾನಿಕ್. ಇನ್ನೊಬ್ಬಳು ಅವರ ತಮ್ಮನ ಮಗಳು, ವಾಹನ ವಿನ್ಯಾಸ ಓದುತ್ತಿದ್ದಾಳೆ. ಹಳೆಯದಕ್ಕೆ ಹಿರಿಯರು, ಹೊಸದಕ್ಕೆ ಕಿರಿಯರು ವಕಾಲತ್ತು ವಹಿಸುತ್ತಾರೆಂದು ಎಣಿಸಬೇಡಿ. ಹಳೆಯ ರೂಪಕ್ಕೆ ಮನಸೋತವಳು ಹುಡುಗಿ. ದೊಡ್ಡಪ್ಪನಿಗೆ ಆ ಹಳೆಯ ಗಾಡಿಗಳ ಗ್ರೀಸು ಇನ್ನೂ ಉಗುರಿನಲ್ಲಿದೆ, ಆದ್ದರಿಂದಲೇ ಅವರು ಅಷ್ಟು ಬೇಗ ಕರಗುವವರಲ್ಲ.

ದೊಡ್ಡಪ್ಪ: ಎಷ್ಟಂತೆ ಇದು?

ಹುಡುಗಿ: ರೇಟಾ? ಇದು ಮಾರಕ್ಕಲ್ಲ ದೊಡ್ಡಪ್ಪ. ಕಾನ್ಸೆಪ್ಟ್.

ದೊಡ್ಡಪ್ಪ: ಮಾರಕ್ಕಲ್ಲ ಅಂದ್ಮೇಲೆ ಮಾಡಿದ್ಯಾಕೆ?

ಹುಡುಗಿ: ಜನ ಏನಂತಾರೆ ನೋಡೋಣ ಅಂತ. ಅದಕ್ಕಿಂತ ಹೆಚ್ಚಾಗಿ, ವಿನ್ಯಾಸ ಮಾಡೋರಿಗೆ ಒಂದು ಸಲ ಕೈ ಬಿಚ್ಚಿ ಕೆಲಸ ಮಾಡಕ್ಕೆ. ಉಳಿದ ದಿನವೆಲ್ಲ ಇಂಡಿಕೇಟರ್ ಇಲ್ಲಿಡು, ನಂಬರ್ ಪ್ಲೇಟ್ ಅಲ್ಲಿಡು, ಎಬಿಎಸ್‌ಗೆ ಜಾಗ ಬಿಡು ಅನ್ನೋದೇ ಆಗಿರುತ್ತೆ. ಈ ಟ್ಯಾಂಕಿನ ಗೆರೆ ನೋಡಿ, ಹೇಗೆ ಇಳ್ಕೊಂಡು ಹಿಂದಿನ ಚಕ್ರದ ತನಕ ಹೋಗುತ್ತೆ. ಕ್ಲೇ ಮಾಡೆಲ್ ಹೆರೆದು ಹೆರೆದು ಇಂಥ ಗೆರೆ ತೆಗೀಬೇಕು. ಸ್ವಿಂಗ್ ಆರ್ಮ್ ಒಂದೇ ಕಡೆ. ಚಕ್ರ ಪೂರ್ತಿ ಕಾಣುತ್ತೆ.

ದೊಡ್ಡಪ್ಪ: ಚೆನ್ನಾಗಿದೆ. ಚೆನ್ನಾಗಿಲ್ಲ ಅನ್ನೋನಿಗೆ ಕಣ್ಣಿಲ್ಲ ಅಂತ ಅರ್ಥ. ಆದ್ರೆ ಮುಂದೆ ಈ ಗರ್ಡರ್ ಯಾಕೆ ತಂದ್ರು? ಅದನ್ನ ಬಿಟ್ಟು ಎಷ್ಟು ಕಾಲ ಆಯ್ತು!

ಹುಡುಗಿ: ನೋಡಕ್ಕೆ ಮಾತ್ರ ಅಲ್ಲ ದೊಡ್ಡಪ್ಪ. ಬ್ರೇಕ್ ಹಿಡಿದಾಗ ಮಾಮೂಲಿ ಟೆಲಿಸ್ಕೋಪಿಕ್ ಫೋರ್ಕ್ ಕುಗ್ಗಿ ಗಾಡಿ ಮೂತಿ ಕೆಳಗೆ ಹೋಗುತ್ತಲ್ಲ, ಗರ್ಡರ್‌ನಲ್ಲಿ ಅದು ಕಡಿಮೆ. ಲಿಂಕ್‌ಗಳನ್ನ ಸರಿಯಾಗಿ ಕೂರಿಸಿದ್ರೆ ಎರಡು ಚಕ್ರದ ನಡುವಿನ ಅಂತರವೂ ಹೆಚ್ಚು ಬದಲಾಗಲ್ಲ.

ದೊಡ್ಡಪ್ಪ: ಪುಸ್ತಕದಲ್ಲಿ ಸರಿ. ಆ ಲಿಂಕ್‌ಗಳಿಗೆಲ್ಲ ಪಿನ್ನು, ಪಿನ್ನಿಗೆಲ್ಲ ಬುಷ್ಷು. ಒಂದು ಬುಷ್ ಸವೆದ್ರೂ ಹ್ಯಾಂಡಲ್ ಅಲ್ಲಾಡಕ್ಕೆ ಶುರು. ವಾರಕ್ಕೊಂದ್ಸಲ ಗ್ರೀಸ್ ಗನ್ ಹಿಡ್ಕೊಂಡು ಮೊಣಕಾಲೂರಿ ಕೂತ್ಕೋಬೇಕು. ಹಳ್ಳ ಸ್ವಲ್ಪ ಆಳ ಇದ್ರೆ ಸ್ಪ್ರಿಂಗ್ ಅಷ್ಟು ದೂರ ಓಡಲ್ಲ, ಏಟು ನೇರ ಕೈಗೆ ಬರುತ್ತೆ. ಅದಕ್ಕೇ ತಾನೆ ಜಗತ್ತೇ ಬಿಟ್ಟಿದ್ದು?

ಹುಡುಗಿ: ಹೌದು, ಬಿಎಂಡಬ್ಲ್ಯೂನೋರು 1935ರಲ್ಲೇ ಆಯಿಲ್ ತುಂಬಿದ ಟೆಲಿಸ್ಕೋಪಿಕ್ ಫೋರ್ಕ್ ತಂದ್ರು. ಆದ್ರೆ ಆಗಿನ ಬುಷ್ ಬೇರೆ, ಈಗಿನ ಬೇರಿಂಗ್ ಬೇರೆ. ಬಿಟ್ಟುಹೋದ ದಾರೀಲಿ ಇನ್ನೊಂದ್ಸಲ ನಡೆದು ನೋಡೋದ್ರಲ್ಲಿ ತಪ್ಪೇನಿದೆ? ಆವತ್ತು ಸೋತಿದ್ದು ಆಲೋಚನೆನೋ, ಬುಷ್ಷೋ?

ದೊಡ್ಡಪ್ಪ: ಹ್ಞೂಂ. ಈ ಪ್ರಶ್ನೆ ಪರವಾಗಿಲ್ಲ. ಇದಕ್ಕೆ ನಾನು ಅರ್ಧ ಒಪ್ತೀನಿ. ಕೆಲಸ ಮಾಡೋ ಹಳೇ ಭಾಗ ವಾಪಸ್ ಬರಲಿ, ಬೇಡ ಅನ್ನಲ್ಲ. ನನಗೆ ಮೈ ಉರಿಯೋದು ಕೆಲಸ ಮಾಡದೆ ಕೂತಿರೋದನ್ನ ಕಂಡಾಗ. 2018ರ ನವೆಂಬರ್‌ನಲ್ಲೇ ಜಾವಾ ಮತ್ತೆ ಬಂತಲ್ಲ, ನಮ್ಮ ಬೀದೀಲಿ ಮೊದಲ ಗಾಡಿ ಬಂದ ದಿನ ನಾನೂ ಓಡಿಹೋಗಿ ನೋಡ್ದೆ. ಎರಡು ಸೈಲೆನ್ಸರ್, ಮರೂನ್ ಬಣ್ಣ, ಟ್ಯಾಂಕಿಗೆ ಕ್ರೋಮ್, ಎಲ್ಲ ಅದೇ. ಬಗ್ಗಿ ನೋಡಿದ್ರೆ ಮುಂದೆ ರೇಡಿಯೇಟರ್. 293 ಸಿಸಿ, ನೀರಲ್ಲಿ ತಣ್ಣಗಾಗೋ ಇಂಜಿನ್. ಮತ್ತೆ ಬೋರಿನ ಸುತ್ತ ಫಿನ್ಸ್ ಯಾಕೆ?

ಹುಡುಗಿ: ಜಾವಾ ಥರ ಕಾಣಬೇಕಲ್ಲ!

ದೊಡ್ಡಪ್ಪ: ಫಿನ್ಸ್ ಇರೋದು ಗಾಳಿ ತಾಗಕ್ಕೆ ಕಣಮ್ಮ, ಕಣ್ಣು ತಾಗಕ್ಕಲ್ಲ. ನಮ್ಮ ಹಳೇ ಜಾವಾ 250ರಲ್ಲಿ ಆ ಫಿನ್ಸ್ ಸಂದಿಗೆ ಮಣ್ಣು ಕೂತ್ರೆ ಇಂಜಿನ್ ಕಾದು ಪಿಸ್ಟನ್ ಹಿಡ್ಕೋತಿತ್ತು. ವಾರಕ್ಕೆ ಒಂದೆರಡು ಗಾಡಿ ಹಾಗೆ ತಳ್ಕೊಂಡು ಬರೋರು. ಸೀಮೆಎಣ್ಣೆ ಬ್ರಷ್ ತಗೊಂಡು ಆ ಫಿನ್ಸ್ ಒಂದೊಂದೂ ತಿಕ್ಕಿದ ಕೈ ಇದು. ಅದನ್ನ ಅಲಂಕಾರ ಮಾಡಿಟ್ರೆ ನನಗೆ ಹೇಗಾಗಬೇಕು?

ಹುಡುಗಿ: ಎಲ್ಲರೂ ಹಾಗೆ ಮಾಡಿಲ್ಲ. ರಾಯಲ್ ಎನ್‌ಫೀಲ್ಡ್‌ನ ಕ್ಲಾಸಿಕ್ ನೋಡಿ, 650 ನೋಡಿ. ಅವು ಗಾಳಿ ಮತ್ತು ಆಯಿಲ್‌ನಲ್ಲೇ ತಣ್ಣಗಾಗೋದು. ಆ ಫಿನ್ಸ್ ದುಡಿಯುತ್ತೆ.

ದೊಡ್ಡಪ್ಪ: ಅದನ್ನೇ ನಾನೂ ಹೇಳ್ತಿರೋದು.

ಹುಡುಗಿ: ಇನ್ನೊಂದು ಕಡೆ ಟ್ರಯಂಫ್ ಬಾನವಿಲ್. ಅದರಲ್ಲಿ ಫ್ಯೂಯಲ್ ಇಂಜೆಕ್ಷನ್‌ನ ಥ್ರಾಟಲ್ ಬಾಡಿನ ಹಳೇ ಕಾರ್ಬುರೇಟರ್ ಆಕಾರದಲ್ಲೇ ಮಾಡಿದ್ರು. ಮೊದಲ ಸಲ ನೋಡಿದಾಗ ನನಗೂ ನಗು ಬಂತು. ಆಮೇಲೆ ಅನ್ನಿಸ್ತು, ಇನ್ನೇನು ಮಾಡಬೇಕಿತ್ತು? ಆ ಇಂಜಿನ್ ಪಕ್ಕ ಪ್ಲಾಸ್ಟಿಕ್ ಡಬ್ಬ, ವೈರು ನೇತಾಡಿದ್ರೆ ಯಾರು ನೋಡ್ತಾರೆ? ಯಾವುದೋ ಒಂದು ಆಕಾರ ಕೊಡಲೇಬೇಕು. ಜನಕ್ಕೆ ಗೊತ್ತಿರೋ ಆಕಾರ ಕೊಟ್ರು.

ದೊಡ್ಡಪ್ಪ: ಗೊತ್ತಿರೋರು ಮೋಸ ಹೋಗಲ್ಲ, ಗೊತ್ತಿಲ್ಲದೋರು ಹೋಗ್ತಾರೆ. ಮೊನ್ನೆ ಒಬ್ಬ ಹುಡುಗ ಬಂದು ಅಂಥದೇ ಗಾಡಿ ತೋರಿಸಿ ಕಾರ್ಬುರೇಟರ್ ಕ್ಲೀನ್ ಮಾಡಿಕೊಡಿ ಅಂದ. ಅದರಲ್ಲಿ ಕಾರ್ಬುರೇಟರ್ ಇಲ್ಲಪ್ಪ, ಸ್ಕ್ಯಾನರ್ ಹಾಕಿ ನೋಡಬೇಕು, ನನ್ನ ಹತ್ರ ಇಲ್ಲ, ಶೋರೂಮಿಗೇ ಹೋಗು ಅಂದೆ.

(ಈ ವಾದದಲ್ಲಿ ದೊಡ್ಡಪ್ಪನ ಕಡೆ ನನಗೆ ಸ್ವಲ್ಪ ಹೆಚ್ಚು ಒಲವು. ಹಳೆಯ ಬೈಕಿನ ರೂಪ ನಮ್ಮನ್ನು ಹಿಡಿದಿಡುವುದು ಅದರೊಳಗೆ ಏನು ನಡೆಯುತ್ತಿದೆ ಎಂಬುದು ಹೊರಗೇ ಕಾಣುತ್ತದೆ ಎಂಬ ಕಾರಣಕ್ಕೆ. ಹೊರಗೆ ಕಾಣುವುದೊಂದು, ಒಳಗೆ ನಡೆಯುವುದೊಂದು ಆದಾಗ ಆ ಆಕರ್ಷಣೆಯ ಬೇರೇ ಕಡಿದಂತೆ. ಆದರೆ ಹುಡುಗಿಯ ಬತ್ತಳಿಕೆಯಲ್ಲಿ ಒಂದು ಒಳ್ಳೆಯ ಬಾಣವಿತ್ತು, ಅದೂ ಮೈಸೂರಿನದೇ.)

ಹುಡುಗಿ: ದೊಡ್ಡಪ್ಪ, ನಮ್ಮ ಅರಮನೆ ಎಷ್ಟು ಹಳೇದು?

ದೊಡ್ಡಪ್ಪ: ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಯ್ತು. ಈಗಿರೋದು 1912ರಲ್ಲಿ ಮುಗೀತು. ಯಾಕೆ?

ಹುಡುಗಿ: ಗುಮ್ಮಟ, ಕಮಾನು, ಕೆತ್ತನೆ ನೋಡಿದ್ರೆ ನಾನೂರು ವರ್ಷದ್ದು ಅನ್ನಿಸುತ್ತೆ. ಹೆನ್ರಿ ಇರ್ವಿನ್ ಅನ್ನೋ ಬ್ರಿಟಿಷ್ ಇಂಜಿನಿಯರ್ ಬರೆದ ನಕ್ಷೆ. ಕಲ್ಯಾಣ ಮಂಟಪದ ಕಂಬಗಳು ಎರಕದ ಕಬ್ಬಿಣ, ಗ್ಲಾಸ್ಗೋದಲ್ಲಿ ಎರಕ ಹೊಯ್ದು ಹಡಗಲ್ಲಿ ತಂದಿದ್ದು. ಒಳಗೆ ಕರೆಂಟು, ಲಿಫ್ಟು. ಆ ಕಾಲಕ್ಕೆ ಅದೂ ಹೊಸ ಇಂಜಿನ್ನಿಗೆ ಹಳೇ ಬಾಡಿನೇ. ದಸರಾದಲ್ಲಿ ನೀವೇ ನಮ್ಮನ್ನೆಲ್ಲ ಕರ್ಕೊಂಡು ಹೋಗಿ ಬಾಯಿಬಿಟ್ಟು ನೋಡ್ತೀರ. ಆಗ ಇದು ಸುಳ್ಳು ಅಂತ ಒಂದಿನಾನೂ ಅಂದಿಲ್ಲ.

ದೊಡ್ಡಪ್ಪ: ಒಳ್ಳೇ ಕಡೆ ಹಿಡಿದೆ ನೋಡು... ಆದ್ರೆ ತಡಿ. ಆ ಕಬ್ಬಿಣದ ಕಂಬ ಮೇಲಿನ ಭಾರ ಹೊತ್ತಿದೆಯೋ ಇಲ್ವೋ?

ಹುಡುಗಿ: ಹೊತ್ತಿದೆ.

ದೊಡ್ಡಪ್ಪ: ಮತ್ತೆ! ಬಣ್ಣ ಬಳಿದಿದಾರೆ, ನವಿಲು ಕೂರಿಸಿದಾರೆ, ಅದು ಬೇರೆ. ಕಂಬ ಕಂಬದ ಕೆಲಸ ಮಾಡ್ತಿದೆ. ಕಂಬ ಅಂತ ತೋರಿಸಿ, ಭಾರನ ಗೋಡೆ ಮೇಲೆ ಹಾಕಿದ್ರೆ ಅದು ನಿನ್ನ ಫಿನ್ಸ್.

ಹುಡುಗಿ: ಸರಿ. ಹಾಗಾದ್ರೆ ಬಿಎಂಡಬ್ಲ್ಯೂ ಆರ್18ಗೆ ಏನಂತೀರ? 2019ರ ಮೇನಲ್ಲಿ ಕೋಮೊ ಸರೋವರದ ಹತ್ರ ಕಾನ್ಸೆಪ್ಟ್ ತೋರಿಸಿದ್ರು. 1936ರ ಆರ್5 ಅನ್ನೋ ಬೈಕೇ ಅದಕ್ಕೆ ಮಾದರಿ. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯೋ ಶಾಫ್ಟ್ ಮುಚ್ಚಿಲ್ಲ, ತಿರುಗೋದು ಕಣ್ಣಿಗೆ ಕಾಣುತ್ತೆ, ನಿಕಲ್ ಪಾಲಿಶ್. ಮರುವರ್ಷ ಮಾರಾಟದ ಗಾಡಿ ಬಂದಾಗಲೂ ಅದನ್ನ ಹಾಗೇ ಉಳಿಸಿಕೊಂಡ್ರು. ಕಾನ್ಸೆಪ್ಟ್‌ನಲ್ಲಿ ಸೋಲೆಕ್ಸ್ ಕಾರ್ಬುರೇಟರ್ ಇತ್ತು, ಅದು ಮಾತ್ರ ಹೋಗಿ ಇಂಜೆಕ್ಷನ್ ಬಂತು. ಹೊಗೆ ನಿಯಮ ಅಂದ್ಮೇಲೆ ಅಷ್ಟು ಆಗಲೇಬೇಕಲ್ಲ.

ದೊಡ್ಡಪ್ಪ: ಶಾಫ್ಟ್ ಚೆನ್ನಾಗಿದೆ. ತಿರುಗ್ತಿದೆ, ತೋರಿಸ್ತಿದಾರೆ. ಹಿಂದೆ ಶಾಕ್ ಅಬ್ಸಾರ್ಬರ್ ಎಲ್ಲಿ?

ಹುಡುಗಿ: ಇದೆ, ಸೀಟಿನ ಕೆಳಗೆ ಬಚ್ಚಿಟ್ಟಿದಾರೆ. ಆರ್5ಗೆ ಹಿಂದೆ ಸಸ್ಪೆನ್ಷನ್ನೇ ಇರಲಿಲ್ಲ, ಗಟ್ಟಿ ಫ್ರೇಮ್. ಅದರ ಹಾಗೆ ಕಾಣಲಿ ಅಂತ.

ದೊಡ್ಡಪ್ಪ: ಅಂದ್ರೆ ಆ ಕಾಲದೋರು ಪಟ್ಟ ಕಷ್ಟ ಇವರಿಗೆ ಫ್ಯಾಶನ್. ಗಟ್ಟಿ ಫ್ರೇಮಿನ ಗಾಡೀಲಿ ನಂಜನಗೂಡಿಗೆ ಹೋಗಿ ಬಾ ಅನ್ನು ಅವರಿಗೆ, ಆಮೇಲೆ ಬರೀಲಿ. ಭಾರ ಎಷ್ಟು?

ಹುಡುಗಿ: ಆರ್5 ಸುಮಾರು 165 ಕೆಜಿ. ಆರ್18 345.

ದೊಡ್ಡಪ್ಪ: ಎರಡರಷ್ಟಕ್ಕಿಂತ ಜಾಸ್ತಿ!

ಹುಡುಗಿ: ಇಂಜಿನ್ನೂ ಹಾಗೇ. ಅದು 500 ಸಿಸಿಗೆ ಹತ್ತಿರ, ಇದು 1802.

ದೊಡ್ಡಪ್ಪ: ನೋಡಿದ್ಯಾ. ಆರ್5 ಮಾಡಿದೋನು ಆ ಕಾಲಕ್ಕೆ ಹಗುರವಾಗಿ, ಚುರುಕಾಗಿ ಮಾಡಕ್ಕೆ ಹೋಗಿರ್ತಾನೆ. ಇವರು ಅವನ ಗೆರೆ ತಗೊಂಡ್ರು, ಅವನ ಬುದ್ಧಿ ತಗೊಳ್ಳಲಿಲ್ಲ. ನಿನ್ನ ಕೆಎಕ್ಸ್ ಕಥೆನೂ ಅದೇ. ಆಗಿನ ದೊಡ್ಡ ವಿ-ಟ್ವಿನ್‌ಗಳಿಗೆ ಸೈಡ್‌ಕಾರ್ ಕಟ್ಟಿ ಹೆಂಡತಿ ಮಕ್ಕಳನ್ನ ಕೂರಿಸ್ಕೊಂಡು ಹೋಗೋರು. ಕಾರು ಕೊಳ್ಳಕ್ಕಾಗದೋರ ಕಾರು ಅದು. ಅದರ ನೆನಪಿಗೆ ಮಾಡಿದ ಗಾಡೀಲಿ ಒಬ್ಬನೇ ಕೂರಬೇಕು.

ಹುಡುಗಿ: ಇದು ಮಾತ್ರ ನನ್ನ ಮನಸ್ಸಿಗೂ ಚುಚ್ಚುತ್ತೆ. ಹಿಂದಿನ ಸೀಟು ಹಾಕಿದ ತಕ್ಷಣ ಆ ಗೆರೆ ಮುರಿದುಹೋಗುತ್ತೆ, ಅದಕ್ಕೇ ಎಲ್ಲರೂ ತೆಗೀತಾರೆ. ಆದ್ರೆ ಕಾನ್ಸೆಪ್ಟೇ ಕೊನೆ ಅಲ್ಲ. 2021ರಲ್ಲಿ ಅದೇ ಮಿಲಾನ್‌ನಲ್ಲಿ ರಾಯಲ್ ಎನ್‌ಫೀಲ್ಡ್‌ನೋರು ಎಸ್‌ಜಿ650 ತೋರಿಸಿದ್ರು. ಅಲ್ಯುಮಿನಿಯಂ ಗಟ್ಟಿನೇ ಕೊರೆದು ತೆಗೆದ ಟ್ಯಾಂಕು, ಒಂದೇ ಸೀಟು. ಅದೇ ಮುಂದೆ ಶಾಟ್‌ಗನ್ 650 ಆಗಿ ರಸ್ತೆಗೆ ಬಂದಾಗ ಟ್ಯಾಂಕು ಮಾಮೂಲಿ ಶೀಟಿಂದಾಯ್ತು, ಹಿಂದೆ ಬಿಚ್ಚಿ ಹಾಕಬಹುದಾದ ಸೀಟು ಬಂತು. ಒಬ್ಬರೇ ಹೋಗುವಾಗ ತೆಗೀಬಹುದು, ಇಬ್ಬರಾದಾಗ ಹಾಕಬಹುದು. ಕಾನ್ಸೆಪ್ಟ್ ಆ ಕಡೆ ಎಳೆಯದೇ ಇದ್ದಿದ್ರೆ ಈ ಉಪಾಯ ಹುಟ್ಟುತ್ತಲೇ ಇರಲಿಲ್ಲ.

ದೊಡ್ಡಪ್ಪ: ಬಿಚ್ಚಿದ ಸೀಟು ಎಲ್ಲಿಡೋದು, ಬಸ್‌ಸ್ಟ್ಯಾಂಡಲ್ಲಿ ಯಾರಾದ್ರೂ ಸಿಕ್ಕಿದ್ರೆ?

ಹುಡುಗಿ: ಅಯ್ಯೋ ದೊಡ್ಡಪ್ಪ! ಸರಿ, ನಾನೊಂದು ಕೇಳ್ತೀನಿ. ಹಳೇದು ಹಳೇದಾಗಿಯೇ ಇರಲಿ ಅನ್ನೋರು, ನಿಮ್ಮ ಶೆಡ್ಡಲ್ಲಿರೋ ಜಾವಾನ ಯಾಕೆ ಇನ್ನೂ ಮಾರಿಲ್ಲ? ಜುಲೈ ಎರಡನೇ ಭಾನುವಾರ ಜಾವಾ ದಿನ ಅಂತ ಅದನ್ನ ಉಜ್ಜಿ, ಹೊಗೆ ಬಿಟ್ಕೊಂಡು ಹೋಗ್ತೀರಲ್ಲ. ಅದು ಫ್ಯಾಶನ್ ಅಲ್ವಾ?

ದೊಡ್ಡಪ್ಪ: ಅದು ನನಗೆ ಅನ್ನ ಹಾಕಿದ ಗಾಡಿ. ಯಾದವಗಿರಿ ಫ್ಯಾಕ್ಟರೀಲಿ 1961ರಿಂದ ಗಾಡಿ ಆಚೆ ಬರಕ್ಕೆ ಶುರುವಾಯ್ತು, 1996ಕ್ಕೆ ಬಾಗಿಲು ಹಾಕ್ತು. ಸೈರನ್ ಕೂಗಿದಾಗ ಆ ರಸ್ತೆ ತುಂಬ ಸೈಕಲ್ ಇರೋದು. ಈಗ ಜಾವಾ ಅಂತ ಬಂದಿರೋ ಗಾಡಿ ಮಧ್ಯಪ್ರದೇಶದ ಪೀಥಂಪುರದಲ್ಲಿ ತಯಾರಾಗುತ್ತೆ. ಅದನ್ನ ಮಾಡೋರ ಮೇಲೆ ನನಗೆ ಸಿಟ್ಟಿಲ್ಲ. ಹೆಸರಿತ್ತು, ತಗೊಂಡ್ರು. ಆದ್ರೆ ನಮ್ಮೂರ ನೆನಪಿಂದ ನಮ್ಮೂರಿಗೆ ಒಂದು ಕೆಲಸ ಹುಟ್ಟಲಿಲ್ಲ.

ಹುಡುಗಿ: ಆ ನೆನಪು ಪೂರ್ತಿ ನಮ್ಮೂರದ್ದಾ? ಜಾವಾ ಅನ್ನೋ ಹೆಸರೇ ಜೆಕ್ ದೇಶದ ಯಾನೆಚೆಕ್ ಮತ್ತು ಜರ್ಮನಿಯ ವಾಂಡರರ್ ಕಂಪನಿ ಸೇರಿ ಆಗಿದ್ದು. 1929ರಲ್ಲಿ ಯಾನೆಚೆಕ್ ಮಾಡಿದ ಮೊದಲ ಗಾಡಿನೇ ವಾಂಡರರ್‌ನೋರಿಂದ ಕೊಂಡ ವಿನ್ಯಾಸ. ಅದು ಅಲ್ಲಿಂದ ಮೈಸೂರಿಗೆ ಬಂದು ನಮ್ಮದಾಯ್ತು. ಹಳೇದು ಅನ್ನೋದೂ ಒಂದು ಕಾಲಕ್ಕೆ ಯಾರದೋ ಕೈಯಿಂದ ಎರವಲು ತಂದಿದ್ದೇ. ಇವತ್ತಿನೋರು ಎರವಲು ತಂದ್ರೆ ಮಾತ್ರ ಯಾಕೆ ಗುಮಾನಿ?

ದೊಡ್ಡಪ್ಪ: ಎರವಲು ತಂದಿದ್ದಕ್ಕೆ ಗುಮಾನಿ ಇಲ್ಲ. ತಂದ್ಮೇಲೆ ಏನು ಮಾಡಿದ್ರು ಅನ್ನೋದಕ್ಕೆ. ಜಾವಾದಲ್ಲಿ ಗೇರ್ ಲಿವರೇ ಕಿಕ್ಕರ್. ಒಳಗೆ ಒತ್ತಿ ಮೇಲೆ ತಿರುಗಿಸಿದ್ರೆ ಕಿಕ್ಕರು, ಕೆಳಗಿಳಿಸಿದ್ರೆ ಗೇರು. ಒಂದು ಸಾಮಾನು, ಎರಡು ಕೆಲಸ. ಗೇರ್ ಬದಲಾಯಿಸುವಾಗ ಕ್ಲಚ್ ತಾನೇ ಬಿಡೋದು. ಹೊಸ ಜಾವಾದಲ್ಲಿ ಸೈಲೆನ್ಸರ್ ಬಂತು, ಬಣ್ಣ ಬಂತು. ಇಂಥದೊಂದು ಬುದ್ಧಿವಂತಿಕೆ ಬರಲಿಲ್ಲ. ಹಳೇದರಿಂದ ಕದಿಯೋದಾದ್ರೆ ಬೆಲೆಬಾಳೋದನ್ನೇ ಕದೀಬೇಕಪ್ಪ.

ಹುಡುಗಿ: ಈ ಮಾತು ಬರೆದಿಟ್ಕೋತೀನಿ.

ದೊಡ್ಡಪ್ಪ: ಬರ್ಕೋ, ಆದ್ರೆ ನನ್ನ ಹೆಸರು ಹಾಕಬೇಡ. ಹಾಗಂತ ಹಳೇದೆಲ್ಲ ಬಂಗಾರ ಅಂತಲೂ ಅಲ್ಲ. ಜಾವಾದಲ್ಲಿ ಪೆಟ್ರೋಲಿಗೆ ಅಳತೆ ತಪ್ಪದೆ ಆಯಿಲ್ ಬೆರೆಸಬೇಕು. ಬುಲೆಟ್‌ನಲ್ಲಿ ಆಂಪಿಯರ್ ಮುಳ್ಳು ನಡುವಿಗೆ ತಂದು, ಡಿಕಂಪ್ರೆಸರ್ ಒತ್ತಿ ಕಿಕ್ ಹೊಡೀಬೇಕು. ಲೆಕ್ಕ ತಪ್ಪಿದ್ರೆ ಕಾಲು ಹೋಯ್ತು. ಈಗಿನ ಕ್ಲಾಸಿಕ್ ಗುಂಡಿ ಒತ್ತಿದ್ರೆ ಸ್ಟಾರ್ಟ್. ನನ್ನ ಮಂಡಿ ನೋವಿಗೆ ಅದೇ ಒಳ್ಳೇದು.

ಹುಡುಗಿ: ಅದನ್ನೇ ಜನ ಕೊಂಡಿದ್ದು. 2009ರಿಂದ 2021ರ ಒಳಗೆ 30 ಲಕ್ಷಕ್ಕೂ ಹೆಚ್ಚು ಕ್ಲಾಸಿಕ್ ಮಾರಾಟ ಆಯ್ತಂತೆ. ಮಂಡಿ ನೋವಿಲ್ಲದೆ ಹಳೇ ಅಂದ ಬೇಕು ಅನ್ನೋರು ಅಷ್ಟು ಜನ. ಅವರೆಲ್ಲ ಮೋಸ ಹೋದ್ರಾ?

ದೊಡ್ಡಪ್ಪ: ಇಲ್ಲ. ಅಷ್ಟು ಜನ ದಡ್ಡರು ಅಂತ ನಾನು ಹೇಳಿದ್ರೆ ನಾನೇ ದಡ್ಡ.

(ಇಲ್ಲಿ ಒಂದಿಷ್ಟು ಹೊತ್ತು ಇಬ್ಬರೂ ಸುಮ್ಮನಾದರು. ಮಾತು ಮುಗಿಯಿತು ಎಂದುಕೊಂಡರೆ, ಹುಡುಗಿ ಫೋನಿನಲ್ಲಿ ಇನ್ನೊಂದು ಚಿತ್ರ ತೆಗೆದಳು. 2024ರ ನವೆಂಬರ್‌ನಲ್ಲಿ ಮಿಲಾನ್‌ನಲ್ಲಿ ತೋರಿಸಿದ ಫ್ಲೈಯಿಂಗ್ ಫ್ಲೀ ಸಿ6, ರಾಯಲ್ ಎನ್‌ಫೀಲ್ಡ್‌ನ ಎಲೆಕ್ಟ್ರಿಕ್ ಬೈಕು. ಎರಡನೇ ಮಹಾಯುದ್ಧದಲ್ಲಿ ಪ್ಯಾರಾಚೂಟ್ ಕಟ್ಟಿ ವಿಮಾನದಿಂದ ಇಳಿಸುತ್ತಿದ್ದ 125 ಸಿಸಿಯ ಪುಟ್ಟ ಬೈಕಿನ ಹೆಸರು, ಚಹರೆ ಎರಡನ್ನೂ ಇದಕ್ಕೆ ಕೊಟ್ಟಿದ್ದಾರೆ. ಆ ಯುದ್ಧಕಾಲದ ಬೈಕೂ ಜರ್ಮನಿಯ ಡಿಕೆಡಬ್ಲ್ಯೂ ಬೈಕನ್ನು ನೋಡಿ ಮಾಡಿದ್ದೇ.)

ದೊಡ್ಡಪ್ಪ: ಮತ್ತೆ ಗರ್ಡರ್!

ಹುಡುಗಿ: ಹ್ಞಾಂ. ಕೆಎಕ್ಸ್ ಮಾರಾಟಕ್ಕೆ ಬರದಿದ್ರೂ ಅದರ ಮುಂದಿನ ಫೋರ್ಕಿನ ಆಲೋಚನೆ ಇಲ್ಲಿ ಬಂತು ನೋಡಿ. ಇಲ್ಲಿ ಅದು ಫೋರ್ಜ್ ಮಾಡಿದ ಅಲ್ಯುಮಿನಿಯಂ.

ದೊಡ್ಡಪ್ಪ: ಇರಲಿ. ಇದಕ್ಕೆ ಇಂಜಿನ್ ಇಲ್ಲ ತಾನೆ? ಇಂಜಿನ್ ಜಾಗದಲ್ಲಿ ಫಿನ್ಸ್ ಯಾಕಮ್ಮ? ಇಷ್ಟು ಹೊತ್ತು ಅದಕ್ಕೇ ಜಗಳ ಆಡಿದ್ದು.

ಹುಡುಗಿ: ಅದು ಬ್ಯಾಟರಿ ಪೆಟ್ಟಿಗೆ. ಮೆಗ್ನೀಸಿಯಂನದು. ಬ್ಯಾಟರಿನೂ ಕಾಯುತ್ತಲ್ಲ ದೊಡ್ಡಪ್ಪ, ಆ ಶಾಖ ಹೊರಗೆ ಹೋಗಕ್ಕೆ ಫಿನ್ಸ್ ಇಟ್ಟಿದಾರೆ.

ದೊಡ್ಡಪ್ಪ: ದುಡಿಯುತ್ತಾ?

ಹುಡುಗಿ: ದುಡಿಯುತ್ತೆ ಅಂತಾರೆ ಮಾಡಿದೋರು.

ದೊಡ್ಡಪ್ಪ: ಅಂತಾರೆ ಅನ್ನೋದು ಬೇಡ. ಗಾಡಿ ಓಡಿಸಿ ನಿಲ್ಲಿಸಿದ ಮೇಲೆ ನಾನು ಕೈಯಿಟ್ಟು ನೋಡ್ತೀನಿ. ಫಿನ್ಸ್ ತುದಿ ಬಿಸಿ ಇದ್ರೆ ಶಾಖ ಅಲ್ಲಿಗೆ ಬರ್ತಿದೆ ಅಂತ. ತಣ್ಣಗಿದ್ರೆ ಬರೀ ಒಡವೆ. ಆದ್ರೂ ಒಂದು ಹೇಳ್ತೀನಿ, ಇದು ನನಗೆ ಕೆಎಕ್ಸ್‌ಗಿಂತ ಹಿಡಿಸ್ತು.

ಹುಡುಗಿ: ನನಗೆ ಕೆಎಕ್ಸೇ. ಇದು ನೋಡಕ್ಕೆ ತೀರಾ ಬಡಕಲು.

ದೊಡ್ಡಪ್ಪ: ಬಡಕಲಿದ್ರೆ ಏನು? ಮಾರ್ಕೆಟ್ಟಿಗೆ ಹೋಗಿಬರಕ್ಕೆ ಸರಿ. ನಿನ್ನ ಕೋರ್ಸು ಮುಗಿಯೋ ಹೊತ್ತಿಗೆ ಒಂದು ಗಾಡಿ ಬರೀಬೇಕು ಅಂದಿದ್ಯಲ್ಲ, ಏನು ಬರೀತೀಯ?

ಹುಡುಗಿ: ಯೆಜ್ದಿ ರೋಡ್‌ಕಿಂಗ್ ಇವತ್ತು ಹೊಸದಾಗಿ ಹುಟ್ಟಿದ್ರೆ ಹೇಗಿರ್ತಿತ್ತು ಅಂತ. ನಿಮಗೆ ಇಷ್ಟ ಆಗಲ್ಲ, ಗೊತ್ತು.

ದೊಡ್ಡಪ್ಪ: ಬರಿ, ಯಾರು ಬೇಡ ಅಂದ್ರು? ಸೀರೆ ಗಾರ್ಡ್ ಇರುತ್ತಾ?

ಹುಡುಗಿ: ಕಾನ್ಸೆಪ್ಟಿಗೆ ಯಾರೂ ಸೀರೆ ಗಾರ್ಡ್ ಬರೆಯಲ್ಲ ದೊಡ್ಡಪ್ಪ. ಶೋರೂಮಲ್ಲಿ ಕೊನೇಗೆ ತಗುಲಿಸ್ತಾರೆ. ಗಾಡಿ ಕೊಂಡ ಎಷ್ಟೋ ಹುಡುಗರು ಮಾರನೇ ದಿನವೇ ಬಿಚ್ಚಿಸ್ತಾರೆ.

ದೊಡ್ಡಪ್ಪ: ಗೊತ್ತು. ನನ್ನ ಹತ್ರನೇ ಬಿಚ್ಚಿಸಕ್ಕೆ ಬರ್ತಾರೆ, ನಾನು ಬಿಚ್ಚಿಕೊಡಲ್ಲ. ದುಪಟ್ಟಾ ಚಕ್ರಕ್ಕೆ ಸಿಕ್ಕಿ ಬಿದ್ದೋರನ್ನ ನೋಡಿದೀನಿ. ಕಂಬಿ ಬಾಗಿಸಿ ವೆಲ್ಡ್ ಮಾಡಿದ ಆ ಜಾಲರಿ ಕುರೂಪ, ಒಪ್ತೀನಿ. ಕುರೂಪ ಆಗಿರೋದು ಯಾಕೆ ಅಂದ್ರೆ ನಿಮ್ಮಂಥೋರು ಯಾರೂ ಅದನ್ನ ಬರೆಯಕ್ಕೆ ಕೂತಿಲ್ಲ, ಅದಕ್ಕೆ.

ಹುಡುಗಿ: ಬರೆದ್ರೆ ನನ್ನ ಗೆರೆ ಹಾಳಾಗುತ್ತೆ. ಸತ್ಯವಾಗಿ ಹೇಳ್ತಿದೀನಿ, ಅದಕ್ಕೆ ನನ್ನ ಮನಸ್ಸು ಒಪ್ಪಲ್ಲ.

ದೊಡ್ಡಪ್ಪ: ಕಾನೂನು ಏನನ್ನುತ್ತೆ?

ಹುಡುಗಿ: ಕೇಂದ್ರ ಮೋಟಾರು ವಾಹನ ನಿಯಮ 123. ಹಿಂದೆ ಕೂರೋರಿಗೆ ಹಿಡಿಕೆ ಇರಬೇಕು, ಕಾಲಿಡಕ್ಕೆ ಫುಟ್‌ರೆಸ್ಟ್ ಇರಬೇಕು, ಬಟ್ಟೆ ಸಿಕ್ಕದ ಹಾಗೆ ಹಿಂದಿನ ಚಕ್ರ ಕಡೇಪಕ್ಷ ಅರ್ಧ ಮುಚ್ಚಿರಬೇಕು. ಮುಚ್ಚಬೇಕು ಅಂತ ಇದೆ. ಜಾಲರಿಯಿಂದಲೇ ಮುಚ್ಚಬೇಕು ಅಂತ ಎಲ್ಲೂ ಇಲ್ಲ.